ನೋಡ್‌ಗಳ ಲೆಕ್ಕ ತೆರೆದಿಡಿ
ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಹಳ್ಳಿಗರೊಂದಿಗೆ ಕಟ್ಟಿದಂಥ ವೈಫೈ ಮೆಶ್, ಅಂದರೆ ಒಂದಕ್ಕೊಂದು ಸಿಗ್ನಲ್ ದಾಟಿಸುವ ರೂಟರ್‌ಗಳ ಜಾಲವನ್ನು ಮಂಗಳೂರಿನಲ್ಲೂ ಕಟ್ಟುವ ಆಸೆಯಿದೆಯೇ? ಹಾಗಾದರೆ ಮೊದಲ ದಿನದಿಂದಲೇ ಪ್ರತಿ ನೋಡ್‌ನ (ಜಾಲದ ಒಂದೊಂದು ರೂಟರ್‌ನ) ಲೆಕ್ಕ ಇಡಿ. ಎಷ್ಟು ಹೊತ್ತು ಚಾಲೂ ಇತ್ತು, ನೆರೆಯ ನೋಡ್‌ಗೆ ಸಿಗ್ನಲ್ ಎಷ್ಟು, ಎಷ್ಟು ಫೋನ್‌ಗಳು ಸೇರಿದ್ದವು. ಐದು ನಿಮಿಷಕ್ಕೊಮ್ಮೆ ಇಷ್ಟು ಸಾಕು.

ನಮ್ಮ ಮಳೆಗಾಲದಲ್ಲಿ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಒದ್ದೆ ತೆಂಗಿನ ಗರಿಗಳು 2.4 ಗಿಗಾಹರ್ಟ್ಸ್ ಸಿಗ್ನಲನ್ನು ನುಂಗುತ್ತವೆ. ಉಪ್ಪುಗಾಳಿಗೆ ಕನೆಕ್ಟರ್ ಕಿಲುಬು ಹಿಡಿದರೆ ಸಿಗ್ನಲ್‌ನ ಗ್ರಾಫ್ ವಾರಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಸಿಡಿಲು ಬಡಿದರೆ ಒಮ್ಮೆಲೇ ನಿಲ್ಲುತ್ತದೆ.

ಸಮುದಾಯ ವೈಫೈ ಜಾಲ ಕಟ್ಟುವ ಜರ್ಮನಿಯ ಫ್ರೈಫುಂಕ್ ಬಳಗಗಳಂತೆ ನೋಡ್‌ಗಳ ನಕ್ಷೆಯನ್ನು ಎಲ್ಲರಿಗೂ ತೋರಿಸಿ. ಆದರೆ ಬಳಸುವವರ ಮ್ಯಾಕ್ ವಿಳಾಸ (ಫೋನಿನ ಗುರುತು ಸಂಖ್ಯೆ), ಅವರು ನೋಡಿದ ತಾಣಗಳ ದಾಖಲೆ ಖಂಡಿತ ಬೇಡ. ಮನೆಯವರ ಒಪ್ಪಿಗೆಯಿಲ್ಲದೆ ಮನೆಯ ಜಾಗವನ್ನೂ ಗುರುತಿಸಬೇಡಿ. ಕದ್ರಿ, ಬಿಜೈ ಎಂದು ಬಡಾವಣೆಯ ಹೆಸರನ್ನಷ್ಟೇ ಬರೆಯಿರಿ.