ಮಗುವಿಗೆ ‘ಒಂದಕ್ಕೆ ಎಷ್ಟು?’ ಎಂದು ಕೇಳಿ

ಆರು, ಏಳನೇ ತರಗತಿಗೆ ಬರುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಭಾಗಾಕಾರ ಬರುತ್ತದೆ. ಆದರೂ ದರದ ಲೆಕ್ಕ ಎದುರಾದರೆ ತಡವರಿಸುತ್ತಾರೆ. 5 ಪೆನ್ನಿಗೆ 60 ರೂಪಾಯಿ ಎಂದಾಗ 60ನ್ನು 5ರಿಂದ ಭಾಗಿಸಬೇಕೋ, 5ನ್ನು 60ರಿಂದ ಭಾಗಿಸಬೇಕೋ ಎಂಬ ಗೊಂದಲ. ತೊಡಕಿರುವುದು ಭಾಗಾಕಾರದಲ್ಲಲ್ಲ, ಯಾವುದರ ‘ಒಂದು’ ಬೇಕು ಎಂದು ತೀರ್ಮಾನಿಸುವುದರಲ್ಲಿ.

ಮೊದಲು ಅನುಪಾತಕ್ಕೂ ದರಕ್ಕೂ ಇರುವ ವ್ಯತ್ಯಾಸ ನೋಡೋಣ. ಇಡ್ಲಿಗೆ 3 ಲೋಟ ಅಕ್ಕಿ, 1 ಲೋಟ ಉದ್ದು ನೆನೆಹಾಕಿದರೆ ಅದು 3:1ರ ಅನುಪಾತ. ಎರಡೂ ಒಂದೇ ಅಳತೆಯಲ್ಲಿರುವುದರಿಂದ ‘ಲೋಟ’ ಎಂಬ ಮಾತನ್ನು ಬಿಟ್ಟರೂ ನಡೆಯುತ್ತದೆ. ರೂಪಾಯಿ ಮತ್ತು ಪೆನ್ನು, ಕಿಲೋಮೀಟರ್ ಮತ್ತು ಗಂಟೆ ಹಾಗಲ್ಲ. ಬೇರೆ ಬೇರೆ ಅಳತೆಗಳು ಜೊತೆಯಾದಾಗ ಅದು ದರ. ಅದನ್ನು ‘ಒಂದಕ್ಕೆ’ ಇಳಿಸಿದರೆ ಏಕಮಾನ ದರ. ಇಲ್ಲಿ ಬರೀ ‘12’ ಎಂದರೆ ಉತ್ತರವಾಗುವುದಿಲ್ಲ. ‘ಒಂದು ಪೆನ್ನಿಗೆ 12 ರೂಪಾಯಿ’ ಎಂದರೆ ಉತ್ತರ. ಮಗು ಹೀಗೆ ಪೂರ್ತಿ ವಾಕ್ಯದಲ್ಲಿ ಹೇಳಲು ಕಲಿತರೆ, ಯಾವುದನ್ನು ಯಾವುದರಿಂದ ಭಾಗಿಸಬೇಕೆಂಬ ಗೊಂದಲ ಬಹುಪಾಲು ಕಳೆಯುತ್ತದೆ.

ಇದನ್ನು ಕಲಿಸಲು ದಿನಸಿ ಅಂಗಡಿಗಿಂತ ಒಳ್ಳೆಯ ಜಾಗವಿಲ್ಲ. ಈಗ ಪೊಟ್ಟಣಗಳ ಮೇಲೆ ಎಂಆರ್‌ಪಿ ಜೊತೆಗೆ ಒಂದು ಗ್ರಾಂ ಅಥವಾ ಒಂದು ಕೆ.ಜಿ.ಯ ಬೆಲೆಯನ್ನೂ ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತಾರೆ. ಅರ್ಧ ಕೆ.ಜಿ. ತೊಗರಿಬೇಳೆಗೆ 85 ರೂಪಾಯಿ ಎಂದುಕೊಳ್ಳಿ. ಅದರ ಮೇಲೆ ಗ್ರಾಂಗೆ 0.17 ರೂಪಾಯಿ ಎಂದಿರುತ್ತದೆ. 2 ಕೆ.ಜಿ. ಪೊಟ್ಟಣಕ್ಕೆ 320 ರೂಪಾಯಿಯಾದರೆ ಕೆ.ಜಿ.ಗೆ 160 ಎಂದಿರುತ್ತದೆ. ಒಂದು ಗ್ರಾಂ ಲೆಕ್ಕ, ಇನ್ನೊಂದು ಕೆ.ಜಿ. ಲೆಕ್ಕ, ಹೋಲಿಸುವುದು ಹೇಗೆ? 0.17ನ್ನು 1000ದಿಂದ ಗುಣಿಸಿದರೆ ಕೆ.ಜಿ.ಗೆ 170. ಎರಡನ್ನೂ ಒಂದೇ ಅಳತೆಗೆ ತರದೆ ಹೋಲಿಸುವಂತಿಲ್ಲ ಎಂಬುದು ಮಗುವಿಗೆ ಅಲ್ಲೇ ಮನದಟ್ಟಾಗುತ್ತದೆ. ಉತ್ತರವನ್ನು ನೀವೇ ಹೇಳಿಬಿಡಬೇಡಿ.

ಮನೆಯ ಹಿರಿಯರು ಇಂಥ ಲೆಕ್ಕವನ್ನು ತ್ರೈರಾಶಿಯಿಂದ, ಅಂದರೆ ಗೊತ್ತಿರುವ ಮೂರು ಸಂಖ್ಯೆಗಳಿಂದ ನೇರವಾಗಿ ನಾಲ್ಕನೆಯದನ್ನು ಕಂಡುಹಿಡಿಯುವ ಕ್ರಮದಿಂದ, ಒಂದೇ ಏಟಿಗೆ ಬಿಡಿಸುವುದುಂಟು. ಅದು ಈ ನೆಲದಲ್ಲಿ ಬಹಳ ಹಳೆಯ ವಿದ್ಯೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಅದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಆದರೆ ಕಲಿಕೆಯ ಆರಂಭದಲ್ಲೇ ಈ ಅಡ್ಡದಾರಿ ಬೇಡ. ‘ಒಂದಕ್ಕೆ ಎಷ್ಟು’ ಎಂಬ ಮೆಟ್ಟಿಲನ್ನು ಹತ್ತಿದ ಮಗುವಿಗೆ ತ್ರೈರಾಶಿ ಏಕೆ ಸರಿ ಎಂಬುದೂ ತಿಳಿಯುತ್ತದೆ.

ಎರಡು ಕಡೆ ಎಚ್ಚರ ಬೇಕು. 4 ಜನ ಒಂದು ಕೆಲಸವನ್ನು 6 ದಿನದಲ್ಲಿ ಮುಗಿಸಿದರೆ ಒಬ್ಬನಿಗೆ ಎಷ್ಟು ದಿನ? ಅಭ್ಯಾಸಬಲದಿಂದ ಮಕ್ಕಳು 6ನ್ನು 4ರಿಂದ ಭಾಗಿಸಿ ಒಂದೂವರೆ ದಿನ ಎನ್ನುತ್ತಾರೆ. ಆಗ ‘ಜನ ಕಡಿಮೆಯಾದರೆ ದಿನ ಹೆಚ್ಚಬೇಕೋ, ಕಡಿಮೆಯಾಗಬೇಕೋ?’ ಎಂದು ಕೇಳಿದರೆ ಸಾಕು. ಸರಿಯುತ್ತರ 24 ದಿನ ಎಂದು ಅವರೇ ಕಂಡುಕೊಳ್ಳುತ್ತಾರೆ. ಇನ್ನೊಂದು, ಸರಾಸರಿ ವೇಗ. 60 ಕಿ.ಮೀ. ದೂರದ ಊರಿಗೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ, 60 ಕಿ.ಮೀ. ವೇಗದಲ್ಲಿ ಮರಳಿದರೆ ಸರಾಸರಿ 45 ಅಲ್ಲ. ಹೋಗಲು 2 ಗಂಟೆ, ಬರಲು 1 ಗಂಟೆ. ಒಟ್ಟು 120 ಕಿ.ಮೀ.ಗೆ 3 ಗಂಟೆ. ಅಂದರೆ ಗಂಟೆಗೆ 40 ಕಿ.ಮೀ.

ಮುಂದೆ ಬರುವ ಶೇಕಡಾವಾರು, ಬಡ್ಡಿ, ಸಾಂದ್ರತೆ, ವೇಗದ ಲೆಕ್ಕಗಳೆಲ್ಲ ಇದೇ ಬುನಾದಿಯ ಮೇಲೆ ನಿಲ್ಲುತ್ತವೆ. ಆದ್ದರಿಂದ ಉತ್ತರ ತಪ್ಪಾದಾಗ ಗದರಬೇಡಿ, ಸೂತ್ರ ಬಾಯಿಪಾಠ ಮಾಡಿಸಲೂ ಹೋಗಬೇಡಿ. ‘ಯಾವುದರ ಒಂದಕ್ಕೆ, ಯಾವುದು ಎಷ್ಟು?’ ಎಂದು ಕೇಳಿ, ಮಗು ಯೋಚಿಸಲು ಬೇಕಾದಷ್ಟು ಹೊತ್ತು ಕಾಯಿರಿ.