ಸಾಲದ ಮನೆ, ಬಾಡಿಗೆ ಮತ್ತು ಲೀಸು

ಬ್ಯಾಂಕ್ ಸಾಲದಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಬೇರೆ ಊರಿಗೆ ವರ್ಗವಾಯಿತೆಂದರೆ, ಮನೆಯನ್ನು ಬಾಡಿಗೆಗೆ ಕೊಟ್ಟು ಕಂತಿನ ಭಾರ ಇಳಿಸಿಕೊಳ್ಳುವುದು ಸಹಜ. ಮೂಲಪತ್ರಗಳು ಬ್ಯಾಂಕಿನಲ್ಲಿದ್ದರೂ ಮನೆಯ ಮಾಲೀಕರು ನೀವೇ. ಅಡಮಾನದಲ್ಲಿರುವ ಮನೆಯನ್ನು ಬಾಡಿಗೆಗೆ ಕೊಡುವ ಅಧಿಕಾರವನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಂ ನಿಮಗೆ ಕೊಡುತ್ತದೆ. ಆದರೆ ಅಡಮಾನ ಪತ್ರ ಬೇರೆ ಹೇಳಿದರೆ ಪತ್ರದ ಮಾತೇ ನಡೆಯುತ್ತದೆ ಎಂಬ ಮಾತೂ ಅದೇ ಕಲಮಿನಲ್ಲಿದೆ.

ಆದ್ದರಿಂದ ಸಾಲದ ಕರಾರು ಹೊರತೆಗೆದು ಓದಿ. ಸಹಿ ಹಾಕುವ ದಿನ ಅದನ್ನು ಓದಿದವರು ಅಪರೂಪ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡಬಾರದು, ಸ್ವಾಧೀನ ಬಿಟ್ಟುಕೊಡಬಾರದು ಎಂಬ ಷರತ್ತು ಬಹಳಷ್ಟು ಕರಾರುಗಳಲ್ಲಿರುತ್ತದೆ. ಇದ್ದರೆ ಸಾಲದ ಖಾತೆ ಸಂಖ್ಯೆ, ಬಾಡಿಗೆದಾರರ ಹೆಸರು, 11 ತಿಂಗಳ ಅವಧಿ, ತಿಂಗಳ ಬಾಡಿಗೆ ಇಷ್ಟನ್ನು ಬರೆದು ಶಾಖೆಗೆ ಅರ್ಜಿ ಕೊಡಿ. ‘ಅದೆಲ್ಲ ಯಾಕೆ ಸಾರ್, ಕಂತು ಕಟ್ಕೊಂಡು ಹೋಗಿ’ ಎಂದು ಕೌಂಟರಿನವರು ಸಾಗಹಾಕಿದರೂ ಬಿಡಬೇಡಿ. ನಿಮ್ಮ ಪ್ರತಿಯ ಮೇಲೆ ಬೀಳುವ ಮೊಹರು ಅರ್ಜಿ ತಲುಪಿದ್ದಕ್ಕೆ ಸಾಕ್ಷಿ ಮಾತ್ರ. ಒಪ್ಪಿಗೆ ಪತ್ರವನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ತೆರಿಗೆಯ ವಿಷಯ ಚಿಕ್ಕದು. ಬಾಡಿಗೆಯನ್ನು ಆದಾಯವೆಂದು ತೋರಿಸಲೇಬೇಕು. ಅದರಲ್ಲಿ ಶೇ 30 ವಿನಾಯಿತಿ ಸಿಗುತ್ತದೆ, ಸಾಲದ ಬಡ್ಡಿಯನ್ನೂ ಕಳೆಯಬಹುದು. ನಷ್ಟ ಬಂದರೆ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳಕ್ಕೆ ಹೊಂದಿಸಿಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಆ ಅವಕಾಶವಿಲ್ಲ.

ನಿಜವಾದ ತೊಡಕು ಲೀಸಿನದು. ಹದಿನೈದೋ ಇಪ್ಪತ್ತೋ ಲಕ್ಷ ಒಂದೇ ಗಂಟಿನಲ್ಲಿ ಪಡೆದು, ಮೂರು ವರ್ಷ ಬಾಡಿಗೆಯಿಲ್ಲದೆ ಮನೆ ಕೊಡುವ ನಮ್ಮೂರ ಪದ್ಧತಿ. ಸಾಲ ಇಳಿಸಲು ಮಾಲೀಕರಿಗೆ ಅನುಕೂಲ, ತಿಂಗಳ ಬಾಡಿಗೆ ಉಳಿಯಿತೆಂದು ಬಂದವರಿಗೂ ಸಮಾಧಾನ. ಆದರೆ 65ಎ ಒಪ್ಪುವ ಗುತ್ತಿಗೆಯೇ ಬೇರೆ: ನ್ಯಾಯವಾಗಿ ಸಿಗಬಹುದಾದ ಒಳ್ಳೆಯ ಬಾಡಿಗೆ ಇರಬೇಕು, ಪ್ರೀಮಿಯಂ ಪಡೆಯಬಾರದು, ಬಾಡಿಗೆಯನ್ನು ಮುಂಗಡವಾಗಿ ಪಡೆಯಬಾರದು, ನವೀಕರಣದ ಷರತ್ತು ಇರಬಾರದು, ಕಟ್ಟಡವಾದರೆ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದ ಇಡಿಗಂಟಿನ ಲೀಸು ಇದರೆದುರು ನಿಲ್ಲುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ಕಂತು ತಪ್ಪಿ ಸಾಲ ವಸೂಲಾಗದ ಪಟ್ಟಿಗೆ ಬಿದ್ದರೆ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಸಾಲಗಾರರಿಗೆ 60 ದಿನದ ನೋಟಿಸು ಕೊಡುತ್ತದೆ. ಅದು ಕೈಸೇರಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಯಾರಿಗೂ ಲೀಸಿಗೆ ಕೊಡುವಂತಿಲ್ಲ. ಒಳಗಿರುವ ಕುಟುಂಬಕ್ಕೆ ಎಷ್ಟೋ ಸಲ ವಿಷಯ ತಿಳಿಯುವುದು ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿಸಿದಾಗಲೇ. ಅಡಮಾನದ ನಂತರ ಹುಟ್ಟಿದ ಬಾಡಿಗೆ 65ಎ ಷರತ್ತುಗಳಿಗೆ ಹೊಂದಿರಬೇಕು, ಒಂದು ವರ್ಷಕ್ಕೂ ಹೆಚ್ಚಿನ ಹಕ್ಕು ಕೇಳುವವರ ಬಳಿ ನೋಂದಾಯಿತ ಪತ್ರವಿರಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಬಜರಂಗ್ ಶ್ಯಾಮಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಹೇಳಿದೆ. ಬರೀ ಛಾಪಾ ಕಾಗದದ ಲೀಸು ಅಲ್ಲಿ ಸಾಲದು. ಕೊಟ್ಟ ಗಂಟನ್ನು ಬ್ಯಾಂಕು ಹಿಂದಿರುಗಿಸುವುದಿಲ್ಲ. ಮಾಲೀಕರ ಮೇಲೆ ದಾವೆ ಹೂಡಿ ವಸೂಲು ಮಾಡಿಕೊಳ್ಳಬೇಕು.

ಲೀಸಿಗೆ ಹೋಗುವವರು ದುಡ್ಡು ಕೊಡುವ ಮುಂಚೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ. ಮೂಲಪತ್ರ ಒತ್ತೆಯಿಟ್ಟ ದಾಖಲೆ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಕಾಣದಿದ್ದರೂ ಸಾಲವಿಲ್ಲವೆಂದುಕೊಳ್ಳಬೇಡಿ, ಅಡಮಾನಗಳನ್ನು ದಾಖಲಿಸುವ ಕೇಂದ್ರದ ಸೆರ್ಸಾಯಿ ನೋಂದಣಿಯಲ್ಲಿ ಸಣ್ಣ ಶುಲ್ಕಕ್ಕೆ ಯಾರು ಬೇಕಾದರೂ ಹುಡುಕಬಹುದು. ಬ್ಯಾಂಕಿನ ಒಪ್ಪಿಗೆ ಪತ್ರ ತೋರಿಸಲು ಮಾಲೀಕರು ಹಿಂಜರಿದರೆ ಬೇರೆ ಮನೆ ನೋಡಿಕೊಳ್ಳಿ.

ಬಾಗಿಲಿಗೆ ನೋಟಿಸು ಬಿದ್ದೇ ಬಿಟ್ಟಿದ್ದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಸರ್ಫೇಸಿ ಕಾಯ್ದೆಯ 17ನೇ ಕಲಮಿನಡಿ ಅರ್ಜಿ ಹಾಕಬಹುದು. ಬಾಡಿಗೆದಾರರ ಹಕ್ಕನ್ನು ಪರಿಶೀಲಿಸುವ ಅಧಿಕಾರ ಅದಕ್ಕೆ 2016ರ ತಿದ್ದುಪಡಿಯಿಂದ ಬಂದಿದೆ. ಬ್ಯಾಂಕು ಕ್ರಮ ಕೈಗೊಂಡ ದಿನದಿಂದ 45 ದಿನ ಗಡುವು. ಕರಾರು ಪತ್ರ, ಹಣ ವರ್ಗಾಯಿಸಿದ ಬ್ಯಾಂಕ್ ದಾಖಲೆ, ವಿದ್ಯುತ್ ಬಿಲ್ಲುಗಳೊಂದಿಗೆ ಆ ವಾರವೇ ವಕೀಲರನ್ನು ಕಾಣಿ.