ಚಂದಾದಾರರ ಸುದ್ದಿಯೂ ಮತದೆಣಿಕೆಯೂ

ದೆಹಲಿಯ ‘ನ್ಯೂಸ್‌ಲಾಂಡ್ರಿ’ ಜಾಹೀರಾತನ್ನು ಪಡೆಯದೆ ಚಂದಾದಾರರ ಹಣದಿಂದ ನಡೆಯತಕ್ಕ ಸುದ್ದಿಸಂಸ್ಥೆ. ಕನ್ನಡದ ‘ಈದಿನ’ವೂ ವಾಚಕರ ವಂತಿಗೆಯನ್ನು ನೆಚ್ಚಿದೆ. ಉಳ್ಳವರ ಹಂಗಿಲ್ಲದ ಸುದ್ದಿ ನಮಗೆ ಬೇಕು, ಸಂದೇಹವಿಲ್ಲ. ಆದರೆ ಹಂಗಿಲ್ಲವೆಂದ ಮಾತ್ರಕ್ಕೆ ಲೆಕ್ಕ ಸರಿಯಾದೀತೆ?

2023ರ ವಿಧಾನಸಭಾ ಚುನಾವಣೆಗೆ ಮುನ್ನ ‘ಈದಿನ’ವು ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನವೆಂದಿತು, ಬಂದುದು 135. ಭೇಷ್ ಎನ್ನಬೇಕಾದುದೇ. 2024ರ ಲೋಕಸಭೆಗೂ ರಾಜ್ಯದಲ್ಲಿ ಕಾಂಗ್ರೆಸ್ಸೇ ಮುಂದೆಂದಿತು; ಜೂನ್ 4ರಂದು 28ರಲ್ಲಿ ಅದಕ್ಕೆ ದೊರೆತವು ಒಂಬತ್ತೇ. ದೊಡ್ಡ ವಾಹಿನಿಗಳೇನೂ ಮೇಲಲ್ಲ: ಅವುಗಳ ಹಲವು ಮತಗಟ್ಟೆ ಸಮೀಕ್ಷೆಗಳು ದೇಶದಲ್ಲಿ ಎನ್‌ಡಿಎಗೆ 350ಕ್ಕೂ ಮಿಕ್ಕು ಕೊಟ್ಟಿದ್ದವು, ಬಂದುದು 293.

ಆದುದರಿಂದ ಮಿತ್ರರು ಮೂಲದ ಅಂಕಿಗಳನ್ನೇ ನೋಡುವ ರೂಢಿ ಮಾಡಬೇಕು. ಮತದಾನ ಮುಗಿದೊಡನೆ ಪ್ರತಿ ಮತಗಟ್ಟೆಯಲ್ಲಿ ಬಿದ್ದ ಒಟ್ಟು ಮತಗಳನ್ನು 17ಸಿ ನಮೂನೆಯಲ್ಲಿ ಬರೆದು ಅಭ್ಯರ್ಥಿಗಳ ಏಜೆಂಟರಿಗೆ ಪ್ರತಿ ಕೊಡುತ್ತಾರೆ. ಎಣಿಕೆಯ ತರುವಾಯ ಯಾರಿಗೆಷ್ಟೆಂಬುದು ಮತಗಟ್ಟೆವಾರಾಗಿ 20ನೆಯ ನಮೂನೆಯಲ್ಲಿ ದೊರೆಯುತ್ತದೆ. ಎರಡನ್ನೂ ಹೋಲಿಸಲು ಕೂಡುವ ಲೆಕ್ಕ ಬಂದರೆ ಸಾಕು.

ಕುಕನೂರು ಇರುವುದು ಯಲಬುರ್ಗಾ ವಿಧಾನಸಭಾ ಕ್ಷೇತ್ರದಲ್ಲಿ. ಅದು ಕೊಪ್ಪಳ ಲೋಕಸಭಾ ಕ್ಷೇತ್ರದ ಎಂಟು ಭಾಗಗಳಲ್ಲೊಂದು. ಕೊಪ್ಪಳದಲ್ಲಿ ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳರು ಗೆದ್ದುದನ್ನು ಎಲ್ಲ ಪತ್ರಿಕೆಗಳೂ ಬರೆದವು. ನಮ್ಮೂರಿನ ಯಾವ ಮತಗಟ್ಟೆ ಯಾರತ್ತ ವಾಲಿತೆಂಬುದನ್ನು ಆ 20ನೆಯ ನಮೂನೆಯಲ್ಲೇ ನೋಡಬೇಕು.